ಅಕ್ಕ ಕಟ್ಟಿದ ರಾಗ

ನಾವು ಚಿಕ್ಕವರಿದ್ದಾಗ ಮನೆಯ ಟಿವಿಯ ಸ್ಪೀಕರ್ ಕೆಟ್ಟಿತ್ತು. ಅದಕ್ಕೇ ನಾನು ವಿಡಿಯೋ ಗೇಮ್ ಆಡುವಾಗ ಅಕ್ಕ ಪಕ್ಕದಲ್ಲಿ ಕುಳಿತು ತಾನೇ ಕಟ್ಟಿದ ರಾಗವೊಂದನ್ನು ಗುನುಗುತ್ತಿದ್ದಳು. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು.

ಅದೇ ಆಟ ಈಗ ಹೊಸ ಕನ್ಸೋಲಿಗೆ ಬಂದಿದೆಯೆಂದು ತಿಳಿದು ಕೊಂಡುತಂದೆ. ಮಧ್ಯಾಹ್ನ ಹಾಕಿ ಕುಳಿತರೆ ಟಿವಿಯಿಂದ ಅಕ್ಕನ ರಾಗವೇ ಬಂತು. ಬರೀ ವಾದ್ಯದ ದನಿ. ಆದರೆ ಅವಳು ಉಸಿರೆಳೆದುಕೊಳ್ಳುತ್ತಿದ್ದ ಜಾಗದಲ್ಲೆಲ್ಲ ಸರಿಯಾಗಿ ನಿಲ್ಲುತ್ತಿತ್ತು. ರಿಮೋಟ್ ಒತ್ತಿ ನೋಡಿದೆ. ವಾಲ್ಯೂಮ್ ಸೊನ್ನೆಯಲ್ಲಿತ್ತು.

ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಪಕ್ಕದಲ್ಲಿ ಕುಳಿತಳು. "ಆರಿಸಬೇಡ" ಎಂದಳು.

ಅಕ್ಕ ಯಾವಾಗಲೂ ಮುಗಿಸುತ್ತಿದ್ದ ಕಡೆ ರಾಗ ಮುಗಿಯಲಿಲ್ಲ, ಮುಂದಕ್ಕೆ ಹೋಯಿತು. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

"ಈ ಸಾಲು ಆಗ ಇರಲಿಲ್ಲ ಕಣೋ" ಎಂದಳು ಮೆಲ್ಲಗೆ. "ಹೋದಮೇಲೆ ಕಟ್ಟಿದ್ದಾಳೆ."