ಹುರಿಯಿಂದ ಹೊಲಿದ ಹಲಗೆ

2025ರ ಮಾರ್ಚ್ 10, ಸೋಮವಾರ. ಬೆಳಿಗ್ಗೆ 11.10ಕ್ಕೆ ಜಯನಗರದ ಠಾಣೆಗೆ ಒಬ್ಬ ಸರ್ಕಾರಿ ಅಧಿಕಾರಿ ದೂರು ಹಿಡಿದು ಬಂದರು. ಹೆಸರು ವಸಿಷ್ಠ, ವಯಸ್ಸು ನಲವತ್ತೈದು, ಜಲಪರಂಪರೆ ಸಂರಕ್ಷಣಾ ಘಟಕದ ಆಡಳಿತಾಧಿಕಾರಿ. ನಾಲ್ಕನೇ ಬ್ಲಾಕಿನ ಒಂದು ಹಳೆಯ ಬಾಡಿಗೆ ಬಂಗಲೆಯಲ್ಲಿದ್ದ ಆ ಘಟಕ ತಿಂಗಳ ಕೊನೆಗೆ ಮುಚ್ಚುವುದಿತ್ತು. ಅಂದು ಸಾಮಾನು ಪಟ್ಟಿ ಮಾಡಲು ಹೋದಾಗ ಹಿಂದಿನ ಕೋಣೆಯ ಫೈಬರ್ ತೊಟ್ಟಿ ಖಾಲಿಯಾಗಿತ್ತು.

"ಏನು ಹೋಗಿರೋದು?" ಇನ್ಸ್‌ಪೆಕ್ಟರ್ ಶರ್ವಾಣಿ ಕೇಳಿದರು.

"ಒಂದು ಹಲಗೆ, ಮೇಡಂ."

"ಹಲಗೆ?"

"ಮುಳುಗಿದ ಹಡಗಿಂದು. 2003ರಲ್ಲಿ ಹೊನ್ನಾವರದ ಆಚೆ ಮೀನುಗಾರರ ಬಲೆಗೆ ಸಿಕ್ಕಿದ್ದು. ನಾನೂರು ವರ್ಷ ಹಳೇದು ಅಂತಾರೆ. ಮೊಳೆ ಇಲ್ಲ, ತೆಂಗಿನ ನಾರಿನ ಹುರಿ ಹಾಕಿ ಹೊಲಿದಿದ್ದಾರೆ. ಐದೂಕಾಲು ಅಡಿ ಉದ್ದ."

"ಯಾರ ಸ್ವತ್ತು?"

ವಸಿಷ್ಠ ಕನ್ನಡಕ ತೆಗೆದು ಒರೆಸಿಕೊಂಡರು. "ಅದೇ ಸ್ವಲ್ಪ ಪ್ರಾಬ್ಲಂ. ಸಮುದ್ರದಲ್ಲಿ ಸಿಕ್ಕಿದ ಹಡಗಿನ ಚೂರು ಮೊದಲು ಬಂದರು ಕಚೇರಿ ಲೆಕ್ಕ. ವಾರಸುದಾರರು ಇದ್ದಾರಾ ಅಂತ ಅವರು ನೋಡ್ಬೇಕು. ನೂರು ವರ್ಷ ದಾಟಿದ್ರೆ ಪ್ರಾಚೀನ ವಸ್ತು, ಕೇಂದ್ರದ ಪರಂಪರೆ ಕಚೇರಿಗೆ. ದಡಕ್ಕೆ ಬಂದ್ಮೇಲೆ ಇಟ್ಕೊಳ್ಳೋದು ರಾಜ್ಯದ ಮ್ಯೂಸಿಯಂ ವಿಭಾಗ. ನಾವು ಬರೀ ಕೆಮಿಕಲ್ ಕೆಲಸಕ್ಕೆ. ನಮ್ಮ ರಿಜಿಸ್ಟರಲ್ಲಿ 'ತಾತ್ಕಾಲಿಕ' ಅಂತಿದೆ."

"ಎಷ್ಟು ವರ್ಷದಿಂದ ತಾತ್ಕಾಲಿಕ?"

"ಇಪ್ಪತ್ತೆರಡು."

ಶರ್ವಾಣಿ ಹೆಚ್ಚು ಕೇಳಲಿಲ್ಲ. ಕಳ್ಳತನಕ್ಕೆ ಮಾಲೀಕ ಯಾರೆಂಬುದಕ್ಕಿಂತ ಯಾರ ವಶದಿಂದ ಹೋಯಿತೆಂಬುದು ಮುಖ್ಯ. 12.40ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ಸ್ವತ್ತಿನ ಕಳ್ಳತನಕ್ಕೆ ಕಲಂ 305 ಇದೆ, ಶಿಕ್ಷೆಯೂ ಹೆಚ್ಚು. ಆದರೆ ಯಾವ ಸರ್ಕಾರದ ಸ್ವತ್ತು ಎಂದು ಹೇಳುವವರು ಸಿಗುವವರೆಗೆ ಆ ಕಲಂ ಸೇರಿಸುವಂತಿರಲಿಲ್ಲ.

ಮಧ್ಯಾಹ್ನ 2.15ಕ್ಕೆ ಸ್ಥಳ ಪಂಚನಾಮೆ. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಗೂಳಪ್ಪ, ನಿವೃತ್ತಿಗೆ ಎಂಟು ತಿಂಗಳಿದ್ದವರು. ಗೇಟಿನ ಬಳಿ ನಿಂತು ಬಂಗಲೆಯನ್ನು ಮೇಲಿಂದ ಕೆಳಗೆ ನೋಡಿದರು.

"ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಈ ಬೀದೀಲೇ ಬೀಟು, ಮೇಡಂ. ಸೈಕಲ್ ಬೆಲ್ ಹೊಡೆದ್ರೆ ಆ ತುದಿಗೆ ಕೇಳಿಸ್ತಿತ್ತು. ಪ್ರತಿ ಕಾಂಪೌಂಡಿಂದಾನೂ ಸಂಪಿಗೆ ವಾಸ್ನೆ. ಈಗ ಉಳಿದಿರೋದು ಇದೊಂದೇ ಮನೆ ನೋಡಿ, ಇದಕ್ಕೂ ಬಿಲ್ಡರ್ ಬೋರ್ಡ್ ಬಿತ್ತು."

ಹಿಂದಿನ ಕೋಣೆಯ ಬೀಗ ಒಡೆದಿರಲಿಲ್ಲ. ನೆಲದಲ್ಲಿ ಗೋಣಿಚೀಲದ ನಾರು ಬಿದ್ದಿತ್ತು. ತೊಟ್ಟಿಯ ತಳದಲ್ಲಿ ಒಂದಂಗುಲ ನೀರು ನಿಂತಿತ್ತು. ಶರ್ವಾಣಿ ಒಳಗೋಡೆಯ ಮೇಲೆ ಬೆರಳು ಎಳೆದು ನೋಡಿದರು.

"ನಿಮ್ಮಲ್ಲಿ ಕೊನೇ ಟೆಕ್ನಿಷಿಯನ್ ಯಾವಾಗ ರಿಟೈರ್ ಆದ್ರು?"

"2021ರಲ್ಲಿ. ಆಮೇಲೆ ಪೋಸ್ಟ್ ತುಂಬಿಲ್ಲ," ಎಂದರು ವಸಿಷ್ಠ.

"ಹಾಗಾದ್ರೆ ನೀರು ಬದಲಾಯಿಸ್ತಿದ್ದೋರು ಯಾರು?"

"ಯಾರೂ ಇಲ್ಲ. ಈ ಕೋಣೆಗೆ ಯಾರೂ ಬರಲ್ಲ ಮೇಡಂ."

"ನಮ್ಮನೆ ಬಕೆಟ್ಟು ವಾರಕ್ಕೇ ಪಾಚಿ ಕಟ್ಟುತ್ತೆ ಸಾರ್. ಇದು ನಾಲ್ಕು ವರ್ಷ ಯಾರೂ ಮುಟ್ಟದ ತೊಟ್ಟಿ ಅಲ್ಲ. ತಿಕ್ಕಿ ತೊಳೆದಿದ್ದಾರೆ," ಎಂದರು ಶರ್ವಾಣಿ.

ಕಾವಲುಗಾರ ದುಂಡಪ್ಪ ಬಾಗಲಕೋಟೆ ಕಡೆಯವನು, ಗೇಟಿನ ಪಕ್ಕದ ಶೆಡ್ಡಿನಲ್ಲಿ ಆರು ವರ್ಷದಿಂದ ಇದ್ದ. ಅವನು ನೆಲ ನೋಡುತ್ತಲೇ ಉತ್ತರ ಕೊಟ್ಟ.

"ನಿನ್ನೆ ಭಾನುವಾರ ರಜೆ ಇತ್ತಲ್ಲ, ಯಾರು ಬಂದಿದ್ರು?"

"ನನಗೇನೂ ಗೊತ್ತಿಲ್ರೀ."

"ಅದರ ಹಿಂದಿನ ಭಾನುವಾರ?"

"ಗೊತ್ತಿಲ್ರೀ ಮೇಡಂ."

ಶರ್ವಾಣಿ ಅವನನ್ನು ಒತ್ತಾಯಿಸಲಿಲ್ಲ. ಹಲಗೆಗೆ ಸಂಬಂಧಿಸಿದ ಕಡತ ಕೇಳಿ ಪಡೆದು ಠಾಣೆಗೆ ಮರಳಿದರು.

ಮಂಗಳವಾರ ಬೆಳಿಗ್ಗೆ ಅವರು ಆ ಕಡತ ಓದುತ್ತ ಕೂತರು. ನಾಲ್ಕು ಹಲಗೆಗಳು ಸಮುದ್ರದಿಂದ ಬಂದ ದಿನದಿಂದ ಪತ್ರಗಳು ಶುರುವಾಗಿದ್ದವು. ನಿಮ್ಮ ವಸ್ತುವನ್ನು ತೆಗೆದುಕೊಂಡು ಹೋಗಿ, ಇಲ್ಲವೇ ಇಲ್ಲೇ ಇರಿಸಲು ಲಿಖಿತ ಆದೇಶ ಕೊಡಿ ಎಂಬ ಒಂದೇ ಬೇಡಿಕೆ. ಬಂದರು ಕಚೇರಿ ಬರೆದಿತ್ತು: 'ಸದರಿ ವಸ್ತು ಪ್ರಾಚೀನವಾದ್ದರಿಂದ ಪರಂಪರೆ ಕಚೇರಿಯನ್ನು ಸಂಪರ್ಕಿಸುವುದು.' ಪರಂಪರೆ ಕಚೇರಿ ಬರೆದಿತ್ತು: 'ಸದರಿ ವಸ್ತು ಸಂರಕ್ಷಿತ ಸ್ಮಾರಕದಲ್ಲಿ ದೊರೆತುದಲ್ಲವಾದ್ದರಿಂದ ರಾಜ್ಯವೇ ಕ್ರಮ ವಹಿಸತಕ್ಕದ್ದು.' ಮ್ಯೂಸಿಯಂ ವಿಭಾಗದ ಉತ್ತರ: 'ಬಂದರು ಕಚೇರಿಯ ನಿರಾಕ್ಷೇಪಣಾ ಪತ್ರ ಬಂದ ಬಳಿಕ ಪರಿಶೀಲಿಸಲಾಗುವುದು.'

ಶರ್ವಾಣಿ ಮೂರೂ ಕಡೆಗೆ ಫೋನ್ ಮಾಡಿದರು. ಯಾರೂ ಒರಟಾಗಿ ಮಾತಾಡಲಿಲ್ಲ. ಮೂವರೂ ತಮ್ಮ ನಿಯಮವನ್ನು ಸರಿಯಾಗಿಯೇ ಓದಿ ಹೇಳಿದರು. ಒಬ್ಬರು ಮಾತ್ರ ಕೊನೆಗೆ ಕೇಳಿದರು: "ಅದಿನ್ನೂ ಒದ್ದೆ ಇತ್ತಾ ಮೇಡಂ? ನಾವು ಒಣಗಿ ಹೋಗಿರುತ್ತೆ ಅಂದ್ಕೊಂಡಿದ್ವಿ."

ಗೂಳಪ್ಪ ಕಡತ ತಿರುವಿ ಹಾಕುತ್ತ, "ಮೇಡಂ, ಸಹಿ ಬೇರೆ ಬೇರೆ ಸಾಹೇಬ್ರುದು. ಆದ್ರೆ ಟೈಪ್ ಮಾಡಿದೋರು ಒಬ್ರೇ," ಎಂದರು. ಪ್ರತಿ ಪತ್ರದ ಕೆಳಗೆ ಎಡ ಮೂಲೆಯಲ್ಲಿ 'ಅ.ಲ.' ಎಂಬ ಸಣ್ಣ ಗುರುತಿತ್ತು. ಕೊನೆಯ ಎರಡು ಪತ್ರಗಳು ಕೈಬರಹದವು, 2022 ಮತ್ತು 2024ರವು. ಕೆಳಗೆ ಪೂರ್ತಿ ಹೆಸರು: ಅಲಮೇಲು, ನಿವೃತ್ತ ಲ್ಯಾಬ್ ಸಹಾಯಕಿ, ಇಟ್ಟಮಡು.

ಬುಧವಾರ ಬಂಗಲೆಯ ಎದುರಿನ ಬೇಕರಿಯ ಸಿಸಿಟಿವಿ ಸಿಕ್ಕಿತು. ಮಾರ್ಚ್ 9, ಭಾನುವಾರ, ಬೆಳಿಗ್ಗೆ 9.25ಕ್ಕೆ ಒಂದು ಗೂಡ್ಸ್ ಆಟೋ ಒಳಗೆ ಹೋಗಿ 10.05ಕ್ಕೆ ಹೊರಬಂದಿತ್ತು. ಆಟೋದವನು ಬಿಳೇಕಹಳ್ಳಿಯ ಮುನಿಯಣ್ಣ. ಸಂಜೆ 4ಕ್ಕೆ ಠಾಣೆಗೆ ಬಂದ.

"ಏನು ಲೋಡ್ ಮಾಡ್ದೆ?" ಗೂಳಪ್ಪ ಕೇಳಿದರು.

"ಹಲಗೆ ಸಾರ್. ಒದ್ದೆ ಗೋಣಿಚೀಲ ಸುತ್ತಿದ್ರು. ಹೆಣಭಾರ. ವಾಚ್‌ಮನ್ನೂ ಕೈ ಹಾಕ್ದ."

"ಯಾರು ಕರೆಸಿದ್ದು?"

"ವಯಸ್ಸಾದ ಅಮ್ಮ ಒಬ್ರು. ಮುಂದೆ ಕೂತ್ಕೊಳ್ಳಿ ಅಂದ್ರೂ ಕೇಳ್ಲಿಲ್ಲ. ಹಿಂದೆ ಅದರ ಪಕ್ಕಾನೇ ಕೂತು ದಾರಿಯುದ್ದಕ್ಕೂ ಚೊಂಬಲ್ಲಿ ನೀರು ಚಿಮುಕಿಸ್ಕೊಂಡು ಬಂದ್ರು. ಹಂಪ್ ಬಂದ್ರೆ 'ನಿಧಾನ ಕಣಪ್ಪ' ಅಂತಿದ್ರು. ಕಾಯಿಲೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದಂಗೆ ಹೋದ್ವಿ ಸಾರ್. ಇಟ್ಟಮಡುಗೆ."

ಮುನಿಯಣ್ಣನ ಹೇಳಿಕೆ ತಿಳಿಸಿದ ಮೇಲೆ ದುಂಡಪ್ಪನೂ ಒಪ್ಪಿಕೊಂಡ. "ಹೌದ್ರೀ. ನಾಕ ವರ್ಷ ಪ್ರತಿ ಐತವಾರ ಬರತಿದ್ರು ಆ ತಾಯಿ. ಕೀಲಿ ನಾನ ತಗದು ಕೊಡತಿದ್ದೆ. ನೀರ ತಗದು ಬ್ಯಾರೆ ನೀರ ಹಾಕಿ ಹೋಗತಿದ್ರು. ಕಳವು ಅಂತ ನನಗ ಅನಿಸಲೇ ಇಲ್ರೀ."

ಮಾರ್ಚ್ 13, ಗುರುವಾರ, ಬೆಳಿಗ್ಗೆ 10.30. ಇಟ್ಟಮಡುವಿನ ಆ ಮನೆಯ ಬಾಗಿಲು ತೆರೆದವರು ಅಲಮೇಲುವೇ. ಅರವತ್ನಾಲ್ಕು ವರ್ಷ, ಸಣ್ಣ ಮೈಕಟ್ಟು, ಹತ್ತಿ ಸೀರೆ. ಮಗಳು ಇಂಚರ ಪಾಠ ಹೇಳುವ ಶಾಲೆಗೆ ಹೋಗಿದ್ದಳು. ಪೊಲೀಸ್ ಸಮವಸ್ತ್ರ ನೋಡಿ ಅವರು ಬೆದರಲಿಲ್ಲ.

"ಬನ್ನಿ. ನಿನ್ನೇನೇ ಬರ್ತೀರಾ ಅಂದ್ಕೊಂಡಿದ್ದೆ."

ಹಜಾರದ ಉದ್ದಕ್ಕೂ ಪ್ಲಾಸ್ಟಿಕ್ ಬಿಂದಿಗೆಗಳು, ಒಂದು ನೀಲಿ ಡ್ರಮ್ಮು. ಶರ್ವಾಣಿ ಅವುಗಳ ಕಡೆ ನೋಡಿದರು.

"ಮನೆಗೆ ಸಂಪ್ ಇಲ್ವಾಮ್ಮ?"

"ಇದೆ."

"ಮತ್ತೆ ಇಷ್ಟೊಂದು ಬಿಂದಿಗೆ?"

ಅಲಮೇಲು ಹೊರಗೆ ಬಂದು ಗೇಟಿನ ಹಿಂದಿನ ಕಬ್ಬಿಣದ ಮುಚ್ಚಳ ಎತ್ತಿದರು. "ಬಗ್ಗಿ ನೋಡಿ. ಸ್ವಲ್ಪ ಹೊತ್ತು ಬೇಕು, ಕಣ್ಣಿಗೆ ಹೊಂದ್ಕೊಳ್ಳೋಕೆ."

ಶರ್ವಾಣಿ ಮಂಡಿಯೂರಿ ಬಗ್ಗಿದರು. ಮೊದಲು ಕತ್ತಲೆ. ಆಮೇಲೆ ನೀರಿನ ಕೆಳಗೆ ಬೆಲ್ಲದ ಬಣ್ಣದ ಒಂದು ಉದ್ದನೆಯ ಮರ, ಅದರ ಅಂಚಿಗೆ ಸಾಲಾಗಿ ಹುರಿಯ ಹೊಲಿಗೆ. ಒಂದೊಂದು ಗಂಟೂ ಇನ್ನೂ ಬಿಗಿಯಾಗಿತ್ತು.

"ಯಾಕೆ ತಂದ್ರಿ?"

"ಹಲಗೆ ತೆಗೆದು ಗೋಡೌನಿಗೆ ಹಾಕಿ, ತೊಟ್ಟಿ ಹರಾಜು ಮಾಡಿ ಅಂತ ಆರ್ಡರ್ ಬಂದಿತ್ತು. ದುಂಡಪ್ಪ ಹೇಳ್ದ. ನೀರಿಂದ ತೆಗೆದು ಇಟ್ರೆ ಅದು ಉಳಿಯಲ್ಲಮ್ಮ. ಒಳಗೆಲ್ಲ ನೀರೇ ಮರವಾಗಿ ನಿಂತಿರೋದು. ಒಣಗಿದ್ರೆ ಕುಸಿದು ಹೋಗುತ್ತೆ."

ಅವರು ಕಟ್ಟೆಯ ಮೇಲೆ ಕೂತು ಮಾತಾಡಿದರು. ಗೂಳಪ್ಪ ಹೇಳಿಕೆ ಬರೆದುಕೊಂಡರು. ಜಯನಗರದಲ್ಲೇ ಹುಟ್ಟಿ ಬೆಳೆದ ಅಲಮೇಲು ನಲವತ್ತೆರಡನೇ ವಯಸ್ಸಿನವರೆಗೆ ಸಮುದ್ರ ಕಂಡಿರಲಿಲ್ಲ. 2003ರಲ್ಲಿ ಘಟಕದ ರಸಾಯನಶಾಸ್ತ್ರಜ್ಞ ಸೇತುರಾಮ ಅಲಮೇಲುವನ್ನು ಕರಾವಳಿಯ ಕ್ಯಾಂಪಿಗೆ ಕರೆದೊಯ್ದರು. ಬಲೆಗೆ ಸಿಲುಕಿದ ಹಲಗೆಗಳನ್ನು ಮೇಲೆತ್ತುವ ಹನ್ನೊಂದು ದಿನದ ಕ್ಯಾಂಪು. ಹುಳಿಯನ್ನಕ್ಕೂ ಮರಳು, ಹಾಸಿಗೆಗೂ ಮರಳು. ಬಂದರಿನವರು, ಪರಂಪರೆಯವರು, ಮ್ಯೂಸಿಯಮ್ಮಿನವರು ಎಲ್ಲ ಒಂದೇ ಚಪ್ಪರದಡಿ ಊಟಕ್ಕೆ ಕೂತಿದ್ದರು.

"ಅಷ್ಟು ಚೆನ್ನಾಗಿದ್ರು ಎಲ್ರೂ. ಯಾರ ಇಲಾಖೆ ಯಾವ್ದು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಮೊದಲ್ನೇ ಹಲಗೆ ಮೇಲೆ ಬಂದಾಗ ಒಬ್ಬ ಮುದುಕ ಮೀನುಗಾರ ಆ ಗಂಟು ನೋಡಿ, ಇದು ನಮ್ಮಜ್ಜ ಹಾಕ್ತಿದ್ದ ಗಂಟು ಅಂತ ಕೂತುಬಿಟ್ಟ. ಸೇತುರಾಮ ಸಾರ್ ನನ್ನ ಕೈಗೆ ಸ್ಪಂಜು ಕೊಟ್ಟು, 'ಇಷ್ಟು ದಿನ ಸಮುದ್ರ ನೋಡ್ಕೊಂಡಿದೆ, ಇನ್ಮೇಲೆ ನಮ್ಮ ಸರದಿ' ಅಂದ್ರು. ಆಮೇಲೆ ಎಲ್ರೂ ಅವರವರ ಆಫೀಸಿಗೆ ಹೋದ್ರು. ಫೈಲ್ ಶುರುವಾಯ್ತು."

12.10ಕ್ಕೆ ವಸಿಷ್ಠ ಒಂದು ಲಾರಿ ತಂದರು. ಹಿಂದೆ ಎರಡು ಕಂಬಳಿ ಹಾಸಿತ್ತು. ನೀರಿರಲಿಲ್ಲ.

"ಅಮ್ಮ, ವಸ್ತು ವಾಪಸ್ ಕೊಡಿ," ಎಂದರು ಶರ್ವಾಣಿ. "ಇದು ನೋಟಿಸ್ ಕೊಟ್ಟು ಕಳಿಸಬಹುದಾದ ಕೇಸು. ಕೊಟ್ರೆ ಅರೆಸ್ಟ್ ಅಗತ್ಯ ಬರಲ್ಲ."

"ಎಲ್ಲಿಡ್ತಾರೆ ಕೇಳಿ."

"ಸದ್ಯಕ್ಕೆ ಗೋಡೌನಲ್ಲಿ," ಎಂದರು ವಸಿಷ್ಠ.

"ನೀರಲ್ಲಿ ಇಡ್ತೀವಿ ಅಂತ ಬರೆದುಕೊಡಿ. ಈಗಲೇ ಕೊಡ್ತೀನಿ."

"ನಾನು ಹೇಗೆ ಬರೀಲಿ ಅಲಮೇಲು ಅವರೇ? ಅದು ನನ್ನ ಅಧಿಕಾರದಲ್ಲಿಲ್ಲ."

"ಹಾಗಾದ್ರೆ ಯಾರ ಅಧಿಕಾರ?"

ಅಲಮೇಲು ಮುಚ್ಚಳ ಹಾಕಿ ಅದರ ಮೇಲೆ ಕೂತರು. ಬಿಸಿಲಿಗೆ ಕಬ್ಬಿಣ ಕಾದಿತ್ತು. ಗೂಳಪ್ಪ ಒಳಗಿನಿಂದ ಚಾಪೆ ತಂದು, "ಅಮ್ಮ, ಇದರ ಮೇಲಾದ್ರೂ ಕೂತ್ಕೊಳ್ಳಿ," ಎಂದರು.

ಶರ್ವಾಣಿ ಇಬ್ಬರು ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಸಿದರು: 'ಸದರಿ ವಸ್ತುವನ್ನು ನೀರಿನಿಂದ ಹೊರತೆಗೆದಲ್ಲಿ ನಾಶವಾಗುವ ಸಂಭವವಿರುವುದರಿಂದ, ಇದ್ದ ಸ್ಥಿತಿಯಲ್ಲಿ, ನೀರಿನಲ್ಲಿಯೇ ಜಪ್ತಿಪಡಿಸಿ, ಸಂಪಿನ ಮುಚ್ಚಳಕ್ಕೆ ಮೊಹರು ಮಾಡಲಾಗಿದೆ.' ಕಾವಲಿಗೆ ಒಬ್ಬ ಕಾನ್‌ಸ್ಟೇಬಲ್. ಲಾರಿ ಖಾಲಿ ಹೋಯಿತು.

"ಈಗ ಅದು ಕೇಸಿನ ಸ್ವತ್ತು," ಎಂದರು ಶರ್ವಾಣಿ. "ಕೋರ್ಟ್ ಹೇಳದೆ ಯಾರೂ ಮುಟ್ಟೋ ಹಾಗಿಲ್ಲ. ನೀವೂನೂ. ಆದ್ರೆ ವಶಕ್ಕೆ ಒಪ್ಪಿಸಲ್ಲ ಅಂತ ನೀವು ಎಲ್ಲರೆದುರು ಹೇಳಿದೀರಿ. ಅರೆಸ್ಟ್ ಮಾಡ್ಲೇಬೇಕು."

"ಮಾಡಿ. ಮಗಳಿಗೊಂದು ಫೋನ್ ಮಾಡ್ತೀನಿ," ಎಂದು ಅಲಮೇಲು ಎದ್ದರು.

ಮಧ್ಯಾಹ್ನ 1.05ಕ್ಕೆ ಬಂಧನ. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಜಾಮೀನು ಅಂದೇ ಸಿಕ್ಕಿತು. ದುಂಡಪ್ಪನನ್ನು ಸಾಕ್ಷಿಯಾಗಿ ಸೇರಿಸಲಾಯಿತು. ವಸ್ತುವಿನ ವಶ ಯಾರಿಗೆ ಎಂದು ಕೋರ್ಟ್ ಮೂರೂ ಕಚೇರಿಗಳಿಗೆ ನೋಟಿಸ್ ಕೊಟ್ಟಿತು. ಏಪ್ರಿಲ್ 2ರಂದು ಆ ಕಚೇರಿಗಳ ಈಗಿನ ಮೂವರು ಅಧಿಕಾರಿಗಳು ಕೋರ್ಟಿನ ಕಾರಿಡಾರಿನಲ್ಲಿ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಮುಖತಃ ಕಂಡು ಪರಿಚಯ ಮಾಡಿಕೊಂಡರು. ಒಳಗೆ ಮ್ಯಾಜಿಸ್ಟ್ರೇಟರು ಬೇರೇನೂ ಕೇಳಲಿಲ್ಲ. "ನಾಳೆ ಬೆಳಿಗ್ಗೆ ಇದಕ್ಕೆ ನೀರು ಹಾಕೋರು ಯಾರು?" ಎಂದರು. ಬಂದರಿನವರು ತಮ್ಮ ಹಕ್ಕಿಲ್ಲವೆಂದು ಅಲ್ಲೇ ಬರೆದುಕೊಟ್ಟರು. ಮ್ಯೂಸಿಯಂ ವಿಭಾಗ ಹಲಗೆ ತನ್ನದೆಂದು ಒಪ್ಪಿ, ತೊಟ್ಟಿ, ಜಾಗ ಕೊಡುವುದಾಗಿ ಹೇಳಿತು. ಕೇಂದ್ರದವರು ರಸಾಯನಶಾಸ್ತ್ರಜ್ಞರನ್ನು ಕಳಿಸಲು ಒಪ್ಪಿದರು. ಸರ್ಕಾರಿ ಸ್ವತ್ತಿನ ಕಳ್ಳತನದ ಕಲಂ 305 ಸೇರಿಸಲು ಅಂದಿಗೆ ದಾರಿಯಾಯಿತು. ಹಲಗೆಗೆ ಯಜಮಾನ ಸಿಕ್ಕಿದ್ದರಿಂದ ಅಲಮೇಲುವಿನ ಮೇಲಿನ ಆರೋಪ ಇನ್ನಷ್ಟು ಭಾರವಾಯಿತು. ಅದನ್ನು ಶರ್ವಾಣಿಯೇ ಅವರಿಗೆ ತಿಳಿಸಿದಾಗ ಅವರು "ಸರಿ ಬಿಡಿ" ಎಂದಷ್ಟೇ ಹೇಳಿದರು.

ಒಂದು ವಿಷಯ ಶರ್ವಾಣಿಗೆ ಉಳಿದಿತ್ತು. ಸಮುದ್ರದಿಂದ ಬಂದದ್ದು ನಾಲ್ಕು ಹಲಗೆ. ಉಳಿದ ಮೂರು?

"2011ರ ದಸರಾ," ಎಂದರು ಅಲಮೇಲು. "ದೊಡ್ಡ ತೊಟ್ಟೀಲಿ ಮೂರಿತ್ತು. ಮ್ಯೂಸಿಯಂ ಗಾಡಿ ಬರುತ್ತೆ, ನೀರು ಖಾಲಿ ಮಾಡಿ ಅಂದ್ರು. ಮಾಡಿದ್ವಿ. ಬಂದರಿನವರದು ಯಾವ್ದೋ ಆಕ್ಷೇಪಣೆ ಬಂತು, ಗಾಡಿ ಬರ್ಲಿಲ್ಲ. ರಜೆ. ಸೇತುರಾಮ ಸಾರ್ ಆಗ್ಲೇ ರಿಟೈರ್ ಆಗಿದ್ರು. ನೀರು ತುಂಬಲಾ ಅಂತ ಹೊಸ ಸಾಹೇಬ್ರಿಗೆ ಫೋನ್ ಮಾಡ್ದೆ. ಹಸ್ತಾಂತರ ಆಗಿದೆ, ಮುಟ್ಟಬೇಡಿ ಅಂದ್ರು. ಪೈಪು ನನ್ನ ಕೈಯಲ್ಲೇ ಇತ್ತಮ್ಮ. ಎಂಟು ದಿನ ಪಕ್ಕದಲ್ಲಿ ಕೂತಿದ್ದೆ. ಹಪ್ಪಳ ಮುರಿದಂಗೆ ಸದ್ದು ಬರ್ತಿತ್ತು. ಹುರಿ ಒಂದೊಂದಾಗಿ ಬಿಟ್ಕೊಂಡ್ತು. ಅವತ್ತು ನಾನು ಆರ್ಡರ್ ಪಾಲಿಸ್ದೆ. ಸಾರ್ ಸಾಯೋವರೆಗೂ ಅವರಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಜೂನ್ 5ರಂದು ದೋಷಾರೋಪ ಪಟ್ಟಿ ಸಿದ್ಧವಾಯಿತು. ಗೂಳಪ್ಪ ಟೈಪ್ ಮಾಡಿ ತಂದ ಪ್ರತಿಯನ್ನು ಶರ್ವಾಣಿ ಓದಿದರು. ಕೃತ್ಯದ ಉದ್ದೇಶದ ಜಾಗದಲ್ಲಿ ಎಂದಿನ ರೂಢಿಯಂತೆ 'ಸ್ವಂತ ಲಾಭಕ್ಕಾಗಿ' ಎಂದಿತ್ತು. ಅವರು ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದರು.

"ಕೇಸು ವೀಕ್ ಆಗುತ್ತೆ ಮೇಡಂ," ಎಂದರು ಗೂಳಪ್ಪ.

"ಗೊತ್ತು."

"ಮತ್ತೆ ಏನಂತ ಹಾಕ್ಲಿ?"

ಶರ್ವಾಣಿ ಪ್ರತಿಯನ್ನು ಅವರ ಕೈಗೆ ಕೊಟ್ಟರು.

"'ಒಣಗದಿರಲಿ ಎಂದು' ಅಂತ ಹಾಕಿ."