ಕಿತ್ತಳೆ ಮರಕ್ಕೆ ಸನ್‌ಸ್ಕ್ರೀನ್

"ಇದರ ಕಾಂಡ ಎಲ್ಲಿ?" ಎಂದು ಕ್ಲಾಸಿನಲ್ಲಿ ಪಕ್ಕ ಕುಳಿತಿದ್ದ ಓಸ್ವಾಲ್ದೊ ಕೇಳಿದ.

ಮೈತೆ ತನ್ನ ಚಿತ್ರವನ್ನು ನೋಡಿಕೊಂಡಳು. ಹಸಿರು ಕ್ರೆಯಾನ್ ಅರ್ಧ ಸವೆಯುವಷ್ಟು ಬಳಿದು ಬರೆದ ಮರ ಅದು. ಎಲೆಗಳ ನಡುವೆ ಕಿತ್ತಳೆ ಹಣ್ಣುಗಳಿದ್ದವು, ಬಿಳಿ ಹೂಗಳಿದ್ದವು, ಒಂದು ಬೆಕ್ಕೂ ಇತ್ತು. ಕಾಂಡ ಮಾತ್ರ ಇರಲಿಲ್ಲ.

"ಒಳಗಿದೆ," ಎಂದಳು.

"ಒಳಗೆ ಅಂದ್ರೆ?"

"ನಮ್ಮನೆ ಮರದ ಕೊಂಬೆ ಎಲ್ಲಾ ನೆಲದವರೆಗೂ ಇಳಿದಿದೆ. ಕಾಂಡ ಕಾಣಲ್ಲ."

"ಹಂಗಾದ್ರೆ ಇದು ಮರ ಅಲ್ಲ ಕಣೆ. ಹುಲ್ಲಿನ ಬಣವೆ. ಯಾರೋ ಅದಕ್ಕೆ ಕಿತ್ತಳೆ ಅಂಟ್ಸಿದಾರೆ."

ಇಡೀ ಬೆಂಚು ನಕ್ಕಿತು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಮೈತೆಯ ಹೆಸರೇ ಬಣವೆ ಎಂದಾಗಿತ್ತು. ಮಿಸ್ ಎಲ್ಲರ ಚಿತ್ರಗಳನ್ನೂ ಗೋಡೆಗೆ ಅಂಟಿಸಿದರು. ಉಳಿದ ಇಪ್ಪತ್ತೇಳು ಮರಗಳಿಗೂ ಕೆಳಗೆ ಕಂದು ಬಣ್ಣದ ಕಾಂಡ, ಮೇಲೆ ಹಸಿರು ಚೆಂಡು. ಸಾಲಾಗಿ ನಿಲ್ಲಿಸಿದ ಕೋನ್ ಐಸ್‌ಕ್ರೀಮಿನ ಹಾಗೆ ಎಷ್ಟು ಚೆನ್ನಾಗಿ ಕಾಣುತ್ತಿದ್ದವು.

ಮನೆಗೆ ಬಂದವಳೇ ಮೈತೆ ಹಿತ್ತಲಿಗೆ ಹೋದಳು. ಅಡುಗೆಮನೆಯ ಹಿಂದೆ ಕಿತ್ತಳೆ ಮರ ಎಂದಿನಂತೆ ಕೊಂಬೆಗಳನ್ನು ನೆಲಕ್ಕೆ ಇಳಿಬಿಟ್ಟುಕೊಂಡು ನಿಂತಿತ್ತು. ಹತ್ತು ವರ್ಷ ಅವಳಿಗೆ ಅದು ಮರವಾಗಿಯೇ ಕಂಡಿತ್ತು. ಇವತ್ತು ಎಷ್ಟು ನೋಡಿದರೂ ಬಣವೆ.

ತೋಟ ಈಗ ಅವಳ ವಶದಲ್ಲಿತ್ತು. ಮನೆಯಲ್ಲಿ ಇರುವುದು ಮೂವರೇ, ಅಮ್ಮ, ತಾತ ಮತ್ತು ಅವಳು. ತಾತ ಮೊಣಕಾಲಿನ ಆಪರೇಷನ್ನಿಗೆಂದು ಓಬ್ರೆಗೋನ್ ಊರಿನ ಮಾಮನ ಮನೆಗೆ ಹೋಗಿ ಎರಡು ವಾರವಾಗಿತ್ತು. ಹೋಗುವ ಮುಂಚೆ ಅವಳ ಕೈಹಿಡಿದು ತೋಟವನ್ನೆಲ್ಲ ಒಂದು ಸುತ್ತು ಹಾಕಿಸಿದ್ದರು.

"ಬಿಸಿಲು ಏರೋ ಮುಂಚೆ ನೀರು ಹಾಕು. ಮಧ್ಯಾಹ್ನ ಒಂದು ಹನೀನೂ ಬೇಡ. ಟೊಮೇಟೊ ಮೇ ತನಕ ಬರತ್ತೆ, ಆಮೇಲೆ ಕಿತ್ತುಬಿಡು. ಮೇ ಬಂದ್ಮೇಲೆ ಹೊಸದೇನೂ ನೆಡ್ಬೇಡ. ಬೇರೆ ಊರಲ್ಲಿ ತೋಟ ಚಳಿಗೆ ಮಲಗತ್ತೆ ಮಗಳೇ. ನಮ್ಮ ಎರ್ಮೊಸಿಯೊದಲ್ಲಿ ಬಿಸಿಲಿಗೆ ಮಲಗತ್ತೆ. ಜುಲೈಯಲ್ಲಿ ಮಳೆ ಬಂದು ಎಬ್ಬಿಸ್ಲಿ, ನಾವು ಎಬ್ಬಿಸೋದು ಬೇಡ."

ಎಲ್ಲವನ್ನೂ ಹೇಳಿದ್ದರು. ಕಿತ್ತಳೆಯ ಕೆಳಕೊಂಬೆ ಕಡಿಯಬೇಡ ಎಂದು ಮಾತ್ರ ಹೇಳಿರಲಿಲ್ಲ. ಆ ಬೀದಿಯಲ್ಲಿ ಯಾರೂ ಮಾಡದ ಕೆಲಸವನ್ನು ಮಾಡಬೇಡ ಎಂದು ಯಾರು ತಾನೇ ಹೇಳುತ್ತಾರೆ?

ಶನಿವಾರ ಅಮ್ಮ ಕಾರ್ಖಾನೆಗೆ ಹೋದ ಮೇಲೆ ಮೈತೆ ತಾತನ ಕೈಗರಗಸ ತೆಗೆದುಕೊಂಡು ಮರದಡಿ ತೆವಳಿದಳು. ಒಳಗೆ ಕತ್ತಲೆ, ತಂಪು. ತರಗೆಲೆ ಮೆತ್ತಗೆ ಹಾಸಿತ್ತು. ಮೊದಲ ಕೊಂಬೆ ಕಡಿಯಲು ಬಹಳ ಹೊತ್ತು ಬೇಕಾಯಿತು, ಆಮೇಲೆ ಕೈ ಪಳಗಿತು. ಮುಳ್ಳು ತಾಗಿ ಕೈಯೆಲ್ಲ ಗೀರಾಯಿತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕೊಂಬೆಗಳು ಗೇಟಿನ ಹತ್ತಿರ ಬಿದ್ದಿದ್ದವು. ತರಗೆಲೆಯನ್ನೂ ಗುಡಿಸಿ ಚೀಲಕ್ಕೆ ತುಂಬಿದಳು.

ಹಿಂದೆ ಸರಿದು ನೋಡಿದಳು. ಕೆಳಗೆ ಕಾಂಡ, ಮೇಲೆ ಹಸಿರು ಚೆಂಡು. ಖುಷಿಗೆ ಒಂದು ಕುಣಿತ ಕುಣಿದೇಬಿಟ್ಟಳು.

ಸಂಜೆ ಅಮ್ಮ ಬಂದು ಸುಸ್ತಾಗಿ ಬಾಗಿಲಲ್ಲೇ ನಿಂತು ನೋಡಿದಳು. "ಪರವಾಗಿಲ್ವೇ, ಗುಡಿಸೋಕೆ ಸುಲಭ ಆಯ್ತು," ಎಂದಳು. ಅಮ್ಮನಿಗೆ ತೋಟದ ವಿಷಯ ಅಷ್ಟಕ್ಕಷ್ಟೇ.

ಭಾನುವಾರ ತಾತನ ಫೋನ್ ಬಂತು.

"ತೋಟ ಹೇಗಿದೆ ಮಗಳೇ?"

"ಮುಂಚೆಗಿಂತ ಚೆನ್ನಾಗಿದೆ ತಾತ. ನೀನು ಬಂದಾಗ ಸರ್ಪ್ರೈಸ್ ಇದೆ. ಕಾಲು ಹೇಗಿದೆ?"

"ಚೆನ್ನಾಗಿದೆ."

ಏಪ್ರಿಲ್‌ನಲ್ಲಿ ಹೂವಿನ ವಾಸನೆ ಬೀದಿಯ ತುದಿಯವರೆಗೂ ಹೋಗುತ್ತಿತ್ತು. ಈಸ್ಟರ್ ರಜೆಯಲ್ಲಿ ಎಲ್ಲರ ಹಾಗೆ ಅವರೂ ಕೀನೋ ಬೀಚಿಗೆ ಹೋದರು. ಮೈತೆ ಇಡೀ ದಿನ ನೀರಿನಲ್ಲೇ ಇದ್ದಳು. ಅಮ್ಮ ಸನ್‌ಸ್ಕ್ರೀನ್ ಹಚ್ಚಿಕೋ ಎಂದು ಕರೆದು ಕರೆದು ಸೋತಳು. ಮಾರನೆಯ ದಿನ ಅವಳ ಭುಜಗಳು ಕೆಂಪಾಗಿ ಉರಿದವು, ವಾರದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದವು.

ಮೇ ಬಂತು. ಅವಳು ತಾತ ಹೇಳಿದಂತೆಯೇ ಟೊಮೇಟೊ ಗಿಡಗಳನ್ನು ಕಿತ್ತಳು. ಕೊತ್ತಂಬರಿ ತಾನೇ ಒಣಗಿತು. ಜೂನ್‌ನಲ್ಲಿ ಬಿಸಿಲು ನಲವತ್ತಾರು ಡಿಗ್ರಿಗೆ ಏರಿತು. ಗೇಟಿನ ಚಿಲಕವನ್ನು ಬಟ್ಟೆ ಹಿಡಿದು ತೆಗೆಯಬೇಕಿತ್ತು.

ಆಗ ಕಿತ್ತಳೆ ಮರದ ಕಾಂಡ ಬಣ್ಣ ಬದಲಿಸಿತು.

ಸಂಜೆ ಬಿಸಿಲು ಬೀಳುವ ಪಕ್ಕ ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು. ಮೈತೆ ಎರಡು ಬಕೆಟ್ ನೀರು ಹೆಚ್ಚಿಗೆ ಹಾಕಿದಳು. ಏನೂ ಆಗಲಿಲ್ಲ. ಎಲೆಗಳು ಮುದುಡಿದವು, ಗೋಲಿಯಷ್ಟು ದಪ್ಪವಾಗಿದ್ದ ಕಾಯಿಗಳು ದಿನಾ ಉದುರಿದವು. ಒಂದು ದಿನ ತೊಗಟೆ ಬಿರುಕು ಬಿಟ್ಟಿತು. ಮುಟ್ಟಿ ನೋಡಿದರೆ ಅಂಗೈಯಷ್ಟು ಅಗಲದ ಚೂರು ಎದ್ದು ಕೈಗೇ ಬಂತು.

ಹೀಗೆ ಸುಲಿಯುವುದು ಏಕೆಂದು ಅವಳಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಅವಳ ಭುಜವೂ ಹೀಗೇ ಸುಲಿದಿತ್ತು. ಮರವನ್ನು ಬಿಸಿಲು ಸುಟ್ಟಿದೆ. ಹುಟ್ಟಿದಾಗಿನಿಂದ ಬಿಸಿಲನ್ನೇ ಕಾಣದ ಕಾಂಡ. ಅದಕ್ಕೆ ಹೊದಿಸಿದ್ದ ಕೊಂಬೆಗಳನ್ನು ತೆಗೆದವಳು ತಾನೇ.

ಓಡಿಹೋಗಿ ಬಚ್ಚಲುಮನೆಯಿಂದ ತೆಂಗಿನಕಾಯಿ ವಾಸನೆಯ ಸನ್‌ಸ್ಕ್ರೀನ್ ತಂದಳು. ಕಾಂಡಕ್ಕೆ ಸುತ್ತಲೂ ಹಚ್ಚಿದಳು, ಬಿರುಕಿನೊಳಗೂ ಹಚ್ಚಿದಳು. ಮಾರನೆಯ ದಿನವೂ ಹಚ್ಚಿದಳು. ನಾಲ್ಕನೆಯ ದಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬೆರಳಿನಿಂದ ಬಳಿದು ತೆಗೆದಳು.

"ಕ್ರೀಮ್ ಎಲ್ಲಿ ಹೋಯ್ತೇ? ಅರ್ಧ ಟ್ಯೂಬ್ ಇತ್ತಲ್ಲ," ಎಂದು ಅಮ್ಮ ಕೇಳಿದಳು.

"ಹಚ್ಕೊಂಡೆ."

"ಬೀಚಲ್ಲಿ ಹಚ್ಕೋ ಅಂದ್ರೆ ಹಚ್ಕೊಳ್ಳಲ್ಲ, ಮನೇಲಿ ಕೂತು ಹಚ್ಕೋತಾಳೆ."

ಭಾನುವಾರ ಫೋನ್ ಬಂದಾಗ ತಾತ ಕೇಳಿದರು. "ಕಿತ್ತಳೆ ಹೇಗಿದೆ? ಕಾಯಿ ನಿಂತಿದೆಯಾ?"

ಮೈತೆಗೆ ಈಗಲೇ ಹೇಳಿಬಿಡೋಣ ಎನ್ನಿಸಿತು. ಆದರೆ ತಾತನಿಗೆ ಆ ಮರ ಎಂದರೆ ಪ್ರಾಣ, ಅಮ್ಮ ಹುಟ್ಟಿದ ವರ್ಷ ನೆಟ್ಟಿದ್ದು. "ಚೆನ್ನಾಗಿದೆ ತಾತ," ಎಂದಳು. "ನಿನ್ನ ಕಾಲು?"

"ಚೆನ್ನಾಗಿದೆ ಮಗಳೇ."

ಜುಲೈ ಮೊದಲ ವಾರ ಮಾಮ ತಾತನನ್ನು ಕಾರಿನಲ್ಲಿ ಕರೆತಂದು ಬಿಟ್ಟುಹೋದ. ತಾತ ಒಂದು ಕಾಲನ್ನು ನೆಟ್ಟಗೆ ಇಟ್ಟುಕೊಂಡು, ಕೋಲು ಊರಿಕೊಂಡು ನಡೆಯುತ್ತಿದ್ದರು. ನೀರು ಕುಡಿದವರೇ ಹಿತ್ತಲಿನ ಬಾಗಿಲಿಗೆ ಹೋದರು. ಮೈತೆ ಅವರ ಹಿಂದೆ ನಿಂತಳು.

ತಾತ ಬಾಗಿಲಲ್ಲೇ ಬಹಳ ಹೊತ್ತು ನಿಂತರು. ಆಮೇಲೆ ನಿಧಾನವಾಗಿ ಮರದ ಹತ್ತಿರ ಹೋಗಿ ಕಾಂಡದ ಮೇಲೆ ಕೈಯಿಟ್ಟರು. ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಮತ್ತೆ ಕಾಂಡವನ್ನೇ ಮೂಸಿದರು.

"ಇದೇನು, ತೆಂಗಿನಕಾಯಿ ವಾಸನೆ? ಈ ಮರ ಕೀನೋಗೆ ಹೋಗಿತ್ತಾ?"

ಮೈತೆ ನಗಲಿಲ್ಲ. ಅಳು ಒತ್ತರಿಸಿ ಬಂತು. ಬಣವೆಯಿಂದ ಹಿಡಿದು ಸೀಳಿದ ಟ್ಯೂಬಿನವರೆಗೂ ಎಲ್ಲವನ್ನೂ ಅಳುತ್ತಲೇ ಹೇಳಿದಳು. ತಾತ ನಡುವೆ ಬಾಯಿ ಹಾಕದೆ ಕೇಳಿದರು.

"ಹೇಳಿದ್ದಿದ್ರೆ," ಎಂದು ಕೊನೆಗೆ ಅಂದರು, "ಮೇ ತಿಂಗಳಲ್ಲೇ ಬಿಸಿಲು ತಾಗದ ಹಾಗೆ ಸುಣ್ಣ ಬಳಿಸ್ತಿದ್ದೆ. ಇಷ್ಟು ಸುಡ್ತಿರ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಮೈತೆಗೆ ಅನ್ನಿಸಿತು. ಮಧ್ಯಾಹ್ನ ಅಮ್ಮ ಬೀನ್ಸ್ ಮತ್ತು ಬಿಸಿ ತೊರ್ತಿಯಾ ರೊಟ್ಟಿ ಕೊಟ್ಟರೆ ತಾತ ಅರ್ಧ ತಿಂದು ತಟ್ಟೆ ಸರಿಸಿದರು. ಅಮ್ಮ ಅವರಿಬ್ಬರನ್ನೂ ನೋಡಿ ತಟ್ಟೆ ಎತ್ತಿಕೊಂಡು ಹೋದಳು.

ಸಂಜೆ ಮೈತೆ ಅವರ ಕುರ್ಚಿಯ ಹತ್ತಿರ ಹೋದಳು.

"ತಾತ, ಮರ ಸಾಯತ್ತಾ?"

"ಗೊತ್ತಿಲ್ಲ." ಅವರು ಅವಳಿಗೆ ಸುಳ್ಳು ಹೇಳಲಿಲ್ಲ. "ಸುಟ್ಟಿರೋ ಪಕ್ಕ ಹೋಯ್ತು. ಇನ್ನೊಂದು ಪಕ್ಕ ಉಗುರಲ್ಲಿ ಕೆರೆದು ನೋಡ್ದೆ, ಒಳಗೆ ಹಸಿರಿದೆ. ಮಳೆ ಬಂದ್ಮೇಲೆ ಅದೇ ಹೇಳತ್ತೆ."

"ಈಗ ಸುಣ್ಣ ಬಳಿಯೋಣ."

"ನಾನು ಬಳಿಯೋಕಾಗಲ್ಲ. ಬಗ್ಗೋಕಾಗಲ್ಲ ನಂಗೆ."

"ಫೋನಲ್ಲಿ ಚೆನ್ನಾಗಿದೆ ಅಂತಿದ್ದೆ?"

ತಾತ ತಮ್ಮ ನೆಟ್ಟಗಿನ ಕಾಲನ್ನು ನೋಡಿಕೊಂಡರು. "ಮಡಚೋಕೆ ಬರ್ತಿಲ್ಲ. ನೀನು ಅಳ್ತೀಯ ಅಂತ ಹೇಳ್ಲಿಲ್ಲ."

ಮೈತೆ ಕೋಲನ್ನು ಎತ್ತಿ ಅವರ ಕೈಗೆ ಕೊಟ್ಟಳು. ಆಮೇಲೆ ತಾತ, "ಚಾಕು ತಗೊಂಡ್ಬಾ, ಪಾಪಾಸುಕಳ್ಳಿ ಕುಯ್ಯೋಣ," ಎಂದರು.

ಪಾಪಾಸುಕಳ್ಳಿಯ ಎರಡು ದಪ್ಪ ಎಲೆಗಳನ್ನು ಹೆಚ್ಚಿ ಬಕೆಟ್ ನೀರಿನಲ್ಲಿ ನೆನೆಹಾಕಿದರು. ಬೆಳಗ್ಗೆಗೆ ನೀರು ಲೋಳೆಲೋಳೆಯಾಗಿತ್ತು. ಆ ಲೋಳೆಯಲ್ಲಿ ಸುಣ್ಣ ಮತ್ತು ಒಂದು ಹಿಡಿ ಉಪ್ಪು ಕಲಸಿದರೆ ಮಳೆಗೂ ಜಗ್ಗದಂತೆ ಅಂಟಿಕೊಳ್ಳುತ್ತದೆ. ತಾತ ಕುರ್ಚಿಯಲ್ಲಿ ಕುಳಿತು ಹೇಳಿದರು, ಮೈತೆ ಕೈಗೆ ಗ್ಲೌಸ್ ಹಾಕಿಕೊಂಡು ಮಾಡಿದಳು.

"ಮೊದಲು ಆ ಕ್ರೀಮು ತೊಳಿ. ಎಷ್ಟು ಹಚ್ಚಿದೀಯೆ, ಸುಣ್ಣ ಜಾರತ್ತೆ."

ಅವಳು ತೊಳೆದಳು.

"ಎದ್ದು ಬಂದಿರೋ ಸಿಪ್ಪೆ ಮಾತ್ರ ತೆಗಿ. ಗಟ್ಟಿ ಇರೋದನ್ನ ಕೀಳ್ಬೇಡ. ಹಾಂ. ಹಿಂದಕ್ಕೂ ಬಳಿ."

"ಹಿಂದೆ ಬಿಸಿಲೇ ಬರಲ್ವಲ್ಲ ತಾತ."

"ನಿಮ್ಮಮ್ಮ ನಿಂಗೆ ಅರ್ಧ ಬೆನ್ನಿಗೆ ಹಚ್ತಾಳಾ?"

ಆಗ ಅವರಿಬ್ಬರೂ ಮೊದಲ ಸಲ ನಕ್ಕರು. ಬುಡಕ್ಕೆ ಮತ್ತೆ ತರಗೆಲೆ ಹರಡಿದರು. ಸಂಜೆ ಬಿಸಿಲು ಬೀಳುವ ಕಡೆ ಅಮ್ಮ ಎರಡು ಗಳ ನೆಟ್ಟು ಹಳೆಯ ಹೂವಿನ ಬೆಡ್‌ಶೀಟು ಕಟ್ಟಿದಳು. ಪಕ್ಕದ ಮನೆಯ ಆಂಟಿ ಗೋಡೆಯಾಚೆಯಿಂದ ಇಣುಕಿ, "ದೋನ್ ಎಲಿಯಾಸ್, ಮರಕ್ಕೂ ಬೆಡ್‌ರೂಮ್ ಕಟ್ಸಿದ್ರಾ?" ಎಂದು ತಾತನನ್ನು ಕೇಳಿದರು.

"ಹುಷಾರಿಲ್ಲ ಅದಕ್ಕೆ. ಮೆತ್ತಗೆ ಮಾತಾಡಿ," ಎಂದರು ತಾತ.

ಹತ್ತು ದಿನದ ಮೇಲೆ ಮಳೆ ಬಂತು. ಧೂಳಿನ ಗಾಳಿ ಎದ್ದು, ಗುಡುಗಿ, ಬೀದಿಯೆಲ್ಲ ಹೊಳೆಯಾಯಿತು. ನಗರವೇ ಬಾಗಿಲಿಗೆ ಬಂದು ಮಳೆ ನೋಡಿತು. ಮೈತೆ ಕಾಂಡವನ್ನು ನೋಡಿದಳು. ಸುಣ್ಣ ಹೋಗಿರಲಿಲ್ಲ. ಚಿಗುರೂ ಬಂದಿರಲಿಲ್ಲ. ಮಾರನೆಯ ದಿನ ನೋಡಿದಳು, ಅದರ ಮಾರನೆಯ ದಿನವೂ ನೋಡಿದಳು. ತಾತ ದಿನಾ ಮರದ ಸುತ್ತ ಮೂರು ಸುತ್ತು ನಡೆದರು, ಕಾಲು ಮಡಚಲು ಡಾಕ್ಟರ್ ಹಾಗೆ ಹೇಳಿದ್ದರು. ಮೊದಮೊದಲು ಹಲ್ಲು ಕಚ್ಚಿ ನಡೆಯುತ್ತಿದ್ದರು. ಮೈತೆ ಪಕ್ಕದಲ್ಲೇ ನಡೆದು ಸುತ್ತು ಎಣಿಸುತ್ತಿದ್ದಳು.

ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಜೋರು ಗಾಳಿ ಮಳೆಯಾಯಿತು. ಮಾರನೆಯ ದಿನ ಮೈತೆ ಶಾಲೆಯಿಂದ ಬಂದಾಗ ಒಂದು ಗಳ ಮುರಿದಿತ್ತು, ಬೆಡ್‌ಶೀಟು ಕೆಸರಿನಲ್ಲಿ ಬಿದ್ದಿತ್ತು. ಆಕಾಶ ಮಾತ್ರ ಏನೂ ಆಗೇ ಇಲ್ಲವೆಂಬ ಹಾಗೆ ಶುಭ್ರವಾಗಿತ್ತು, ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ತಾತ, ಇಲ್ಲಿ ಬಾ," ಎಂದು ಕೂಗಿದಳು.

ತಾತ ಬಂದರು. ಅವಳು ತೋರಿಸಿದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಸುಟ್ಟ ಭಾಗದ ಕೆಳಗೆ, ಅವಳ ಮೊಣಕಾಲಿನ ಎತ್ತರದಲ್ಲಿ ಸುಣ್ಣವನ್ನು ಒಡೆದುಕೊಂಡು ಒಂದು ಚಿಗುರು ಬಂದಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಪಕ್ಕದಲ್ಲಿ ಇನ್ನೊಂದು.

ತಾತ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

"ಇದನ್ನ ಬೆಳೆಯೋಕೆ ಬಿಡ್ಬೇಕು. ನೆಲ ಮುಟ್ಟೋ ತನಕ ಬಿಡ್ಬೇಕು," ಎಂದರು. "ಇರು, ಹಗ್ಗ ತರ್ತೀನಿ. ಮತ್ತೆ ಶೀಟ್ ಕಟ್ಟೋಣ."

ತಾತ ಹಗ್ಗ ಹುಡುಕಲು ಒಳಗೆ ಹೋದರು. ಬೇರೆ ದಿನವಾಗಿದ್ದರೆ ಮೈತೆ ತಾನೇ ಓಡಿಹೋಗಿ ಅರೆಗಳಿಗೆಯಲ್ಲಿ ತರುತ್ತಿದ್ದಳು. ಇವತ್ತು ಹೋಗಲಿಲ್ಲ. ಮರದ ಮುಂದೆ ಬಂದು, ಬಿಸಿಲಿಗೆ ಬೆನ್ನು ಮಾಡಿ ನಿಂತಳು. ಸ್ಕೂಲ್ ಬ್ಯಾಗು ಹೆಗಲಿನಲ್ಲೇ ಇತ್ತು. ಕತ್ತು ಸುಡುತ್ತಿತ್ತು, ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಒಳಗಿನಿಂದ ಡಬ್ಬಗಳನ್ನು ಸರಿಸುವ ಸದ್ದು, ಕೋಲಿನ ಸದ್ದು ಬರುತ್ತಿತ್ತು. ಬೇಗ ಬಾ ಎಂದು ಅವಳು ಕೂಗಲಿಲ್ಲ.

ತಾತ ಹಗ್ಗ ಹಿಡಿದು ಬಾಗಿಲಿಗೆ ಬಂದು ಬೆರಗಾಗಿ ನಿಂತರು.

"ಯಾಕೆ ಮಗಳೇ, ಶಿಕ್ಷೆ ತಗೊಂಡೋರ ಹಾಗೆ ನಿಂತಿದೀಯಾ?"

"ನೆರಳಿಗೆ ನಿಂತಿದೀನಿ."

"ಅಲ್ಲೆಲ್ಲಿದೆ ನಿಂಗೆ ನೆರಳು?"

"ನಂಗಲ್ಲ ತಾತ," ಎಂದಳು ಮೈತೆ. ಚಿಗುರಿನ ಮೇಲೆ ಬಿಸಿಲಿನ ಚೂರೊಂದು ಬಿದ್ದಿತ್ತು. ಅವಳು ಸ್ವಲ್ಪ ಎಡಕ್ಕೆ ಸರಿದು ನಿಂತಳು.