ಇಬ್ಬರು ಟೀಚರ್ ಬೇಕಾಗಿದ್ದಾರೆ

ವಾಚ್‌ಮನ್‌ನ ಮೊಣಕೈ ನನ್ನ ಕುತ್ತಿಗೆಗೆ ಬಿಗಿದಿತ್ತು.

ಉಸಿರೇ ಆಡುತ್ತಿರಲಿಲ್ಲ... ಕಣ್ಣು ಕತ್ತಲಿಟ್ಟಿತು!

ಹಿಮ್ಮಡಿಯಿಂದ ಅವನ ಪಾದ ಜಜ್ಜಿದೆ. ಹಿಡಿತ ಸಡಿಲವಾಯಿತು. ತಿರುಗಿ ಹೊಟ್ಟೆಗೊಂದು ಕೊಟ್ಟೆ. ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದೆ. ಹಿಂದೆ ಸೀಟಿಯ ಮೇಲೆ ಸೀಟಿ!

ಓಡಿಹೋದ ಮಕ್ಕಳನ್ನು, ತಲೆಮರೆಸಿಕೊಂಡ ಗಂಡಂದಿರನ್ನು ಹುಡುಕಿ ತರುವುದು ನನ್ನ ಕಸುಬು ಸಾರ್. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬರಿಗೈಯಲ್ಲಿ ಬಂದವನಲ್ಲ. ಈ ಸಲ ವಿಮಾನ ಹತ್ತಿದ್ದು ಸ್ವಂತ ಅಕ್ಕನಿಗಾಗಿ.

ಅಕ್ಕನಿಗೆ ನಲವತ್ತೆರಡು. ಇಂಗ್ಲಿಷ್ ಕಲಿಸುವ ಟ್ರೈನಿಂಗ್ ಮುಗಿಸಿ, ಫೋನಿನಲ್ಲೇ ಇಂಟರ್‌ವ್ಯೂ ಕೊಟ್ಟು, ಹೊರದೇಶದ ಈ ಸ್ಕೂಲಿಗೆ ಸೇರಿದ್ದಳು. ಹೋದ ವಾರ ಫೋನ್ ಬಂತು.

"ಪಾಸ್‌ಪೋರ್ಟ್ ಇಸ್ಕೊಂಡೋರು ವಾಪಸ್ ಕೊಡ್ತಾನೇ ಇಲ್ಲ ಕಣೋ. ಮನೆಗೆ ಬರ್ಬೇಕು..."

ಅಷ್ಟು ಸಾಕಿತ್ತು!

ಡೈರೆಕ್ಟರ್ ಕೋಣೆಯ ಬಾಗಿಲು ಒದ್ದೆ. ಬೋಳುತಲೆಯ ಆಸಾಮಿ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದ. ಕಾಲರ್ ಹಿಡಿದು ಎತ್ತಿದೆ.

"ನಮ್ಮಕ್ಕನ ಪಾಸ್‌ಪೋರ್ಟ್. ಈಗಲೇ!"

ಡ್ರಾಯರ್ ಎಳೆದು ಕೊಟ್ಟೇಬಿಟ್ಟ.

ಇಷ್ಟು ಸಲೀಸೆ?

ಗಲಾಟೆ ಕೇಳಿ ಅಕ್ಕ ಓಡಿ ಬಂದಳು. ಬೆರಳ ತುಂಬ ಮಾರ್ಕರ್ ಮಸಿ. ಅರ್ಧ ಇಳಿದುಹೋಗಿದ್ದಳು.

"ನಡಿ ಅಕ್ಕಾ, ಏರ್‌ಪೋರ್ಟಿಗೆ!"

"ಮೊದ್ಲು ವೀಸಾ ಡೇಟ್ ನೋಡಿ," ಅಂದ ಡೈರೆಕ್ಟರ್, ಟೈ ಸರಿಮಾಡಿಕೊಳ್ಳುತ್ತ.

ನೋಡಿದೆ. ಮುಗಿದು ಆರು ತಿಂಗಳು!

"ರಿನ್ಯೂ ಮಾಡ್ಸಿದೀನಿ ಅಂದಿದ್ರಲ್ಲಾ ಸಾರ್..." ಅಂದಳು ಅಕ್ಕ.

"ಮರೆತುಹೋಯ್ತು. ಈಗ ಏರ್‌ಪೋರ್ಟಿಗೆ ಹೋದ್ರೆ ನೇರ ಲಾಕಪ್ಪು. ತಪ್ಪು ಸ್ಕೂಲಿಂದು ಅಂತ ನಾನು ಸಹಿ ಹಾಕಿಕೊಟ್ರೆ ಮಾತ್ರ ಬಿಡ್ತಾರೆ."

"ಹಾಕು!" ಮೇಜಿನ ಪೇಪರ್‌ವೆಯ್ಟ್ ಎತ್ತಿದೆ.

"ಹೊಡೀರಿ. ಸಹಿ ಹಾಕೋ ಕೈ ಇದೊಂದೇ."

ಎತ್ತಿದ ಕೈ ಎತ್ತಿದ ಹಾಗೇ ನಿಂತಿತು...

ಅಕ್ಕ ನನ್ನ ತೋಳು ಹಿಡಿದಳು. "ಬೇಡ ಕಣೋ. ನೀನೂ ಒಳಗೆ ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?"

ಡೈರೆಕ್ಟರ್ ವಿಸಿಟಿಂಗ್ ಕಾರ್ಡ್ ಚಾಚಿದ. "ಜನರನ್ನ ಹುಡುಕೋದ್ರಲ್ಲಿ ನೀವು ಎಕ್ಸ್‌ಪರ್ಟ್ ಅಂತೆ, ನಿಮ್ಮಕ್ಕ ಹೇಳ್ತಿದ್ರು. ಇಬ್ಬರು ಟೀಚರ್ ಕಳಿಸಿ. ಅವರು ಸೇರಿದ ದಿನ ಇವರ ಕಾಗದಕ್ಕೆ ನನ್ನ ಸಹಿ ರೆಡಿ."

ಬೆಲ್ ಹೊಡೆಯಿತು. ಅಕ್ಕ ನನ್ನ ಕೈಯಿಂದ ಪಾಸ್‌ಪೋರ್ಟ್ ಬಿಡಿಸಿಕೊಂಡು ತಾನೇ ಮೇಜಿನ ಮೇಲಿಟ್ಟಳು.

"ಐದನೇ ಕ್ಲಾಸು ಕಾಯ್ತಿದೆ," ಅಂದಳು. ಹೊರಟೇಹೋದಳು.

ಎದುರಿನ ಕೋಣೆಯಲ್ಲಿ ಮಕ್ಕಳೆಲ್ಲ ಎದ್ದು ನಿಂತು ಗುಡ್ ಮಾರ್ನಿಂಗ್ ಕೂಗಿದವು. ಅಕ್ಕ ನಕ್ಕಳು!

ನನಗೆ ನೋಡಲಾಗಲಿಲ್ಲ.

ಊರಿಗೆ ಬಂದು, ಅಕ್ಕ ಕಲಿತ ಟ್ರೈನಿಂಗ್ ಸೆಂಟರ್ ಎದುರು ಮೂರು ದಿನ ನಿಂತೆ. ಕಾರ್ಡು ಜೇಬಿನಲ್ಲಿ. ಮೂರನೇ ದಿನ ಇಬ್ಬರು ಹುಡುಗಿಯರು ಫೈಲು ಎದೆಗವಚಿಕೊಂಡು ಹತ್ತಿರ ಬಂದರು.

"ಅಂಕಲ್, ದಿನಾ ಇಲ್ಲೇ ನಿಂತಿರ್ತೀರಲ್ಲ... ಫಾರಿನ್ ಕೆಲಸ ಕೊಡಿಸೋ ಏಜೆಂಟಾ ನೀವು?"

ಹೌದು ಅನ್ನುವುದು ನಾಲಿಗೆ ತುದಿಗೆ ಬಂತು... ನುಂಗಿಕೊಂಡೆ.

"ಅಲ್ಲಮ್ಮ. ಬಸ್ಸಿಗೆ ಕಾಯ್ತಿದೀನಿ."

ಜನ್ಮದಲ್ಲಿ ಮಾಡಿದ ಪುಣ್ಯದ ಕೆಲಸ ಅದೊಂದೇ ಸಾರ್... ಶಿಕ್ಷೆ ಮಾತ್ರ ಅಕ್ಕನಿಗೆ!